ಭಾನುವಾರದ ಹುರುಪು ಸೋಮವಾರದ ಶಿಫ್ಟ್‌ಗೆ ಬರೋದು ಹೇಗೆ?

ಅಂತರಗಂಗೆ ದಾರಿ (ಕೋಲಾರ)
ಎಲ್ಲರಿಗೂ ವಂದನೆ. ನಮ್ಮ ಯೌವನಸ್ಥರ ಕೂಟಕ್ಕೆ ನಾಲ್ಕು ವಾರದ ಪಾಠ ತಯಾರು ಮಾಡಬೇಕಿದೆ. ವಿಷಯ: ಕ್ರೈಸ್ತರಾಗಿ ಹುರುಪಿನಿಂದ ಬಾಳುವುದು, ದುಡಿಯುವುದು. ಬರುವವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ನರಸಾಪುರ, ಮಾಲೂರು ಕಡೆಯ ಕಾರ್ಖಾನೆಗಳಲ್ಲಿ ಎ, ಬಿ, ಸಿ (ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ) ಶಿಫ್ಟ್‌ನವರು. ಉಳಿದವರು ಹಸು ಕಟ್ಟಿದವರು, ಟೊಮೇಟೊ ಬೆಳೆಯುವವರು, ಇಬ್ಬರು ಟೀಚರ್‌ಗಳು, ಒಬ್ಬರು ನರ್ಸ್.

ಬೈಬಲ್‌ನಲ್ಲಿ ಪೌಲ ಕೊಲೊಸ್ಸೆಯವರಿಗೆ ಬರೆದ ಪತ್ರಿಕೆಯ 3:23 ಎಲ್ಲರಿಗೂ ಬಾಯಿಪಾಠ. ಏನೇ ಮಾಡಿದರೂ ಮನುಷ್ಯರಿಗಲ್ಲ, ಕರ್ತನಿಗೆ ಅಂತ ಮನಸಾರೆ ಮಾಡಿ. ಸರಿ. ಆದರೆ ಬೆಳಿಗ್ಗೆ ಆರಕ್ಕೆ ಪಂಚ್ ಮಾಡಿ ಒಳಗೆ ಹೋದವನು ಆರೂಕಾಲಿಗೆ ಏನು ಮಾಡಬೇಕು? "ಪ್ರಾರ್ಥನೆ ಮಾಡಿ, ಉತ್ಸಾಹ ತಾನಾಗಿ ಬರುತ್ತೆ" ಅನ್ನೋ ಉತ್ತರ ಬೇಡ. ಈ ಪ್ರಶ್ನೆ ಕೇಳುತ್ತಿರುವವರೇ ದಿನಾ ಪ್ರಾರ್ಥನೆ ಮಾಡುವವರು. ಕೈಗೆ ಸಿಗುವಂಥದ್ದು ಹೇಳಿ.

ಕ್ಯೂಸಿ ಟೇಬಲ್ (ಮಾಲೂರು)
23ನೇ ವಚನ ಒಂದನ್ನೇ ಕಿತ್ತುಕೊಂಡು ಪಾಠ ಮಾಡಬೇಡಿ. 22ರಿಂದ ಓದಿಸಿ. ಅಲ್ಲಿ ಪೌಲ ಮಾತಾಡುತ್ತಿರುವುದು ದಾಸರ ಹತ್ತಿರ. ಯಜಮಾನನ ಕಣ್ಣಿಗೆ ಬೀಳುವಷ್ಟು ಹೊತ್ತು ಮಾತ್ರ ದುಡಿಯಬೇಡಿ ಅಂತಾನೆ. ಮೂಲ ಗ್ರೀಕ್‌ನಲ್ಲಿ ಅದಕ್ಕೆ ಒಂದೇ ಪದ, ಒಫ್ಥಾಲ್ಮೊಡೂಲಿಯಾ. ಕಣ್ಣ ಚಾಕರಿ ಅನ್ನಬಹುದು. ಅದಕ್ಕೆ ಎದುರಾಗಿ 23ರಲ್ಲಿ ಇಟ್ಟಿರುವ ಮಾತು "ಪ್ರಾಣದಿಂದ" ಅಂತ.

ಕಾರ್ಖಾನೆಯಲ್ಲಿ ಕಣ್ಣ ಚಾಕರಿ ನೋಡಬೇಕಂದ್ರೆ ಚೆಕ್ ಶೀಟ್ ತೆಗೀರಿ. ಗಂಟೆಗೊಂದು ಸಲ ಐದು ಪೀಸ್ ಎತ್ತಿ, ಅಳೆದು, ಬರೀಬೇಕು ಅಂತಿರುತ್ತೆ. ಶಿಫ್ಟ್ ಮುಗಿಯೋಕೆ ಹತ್ತು ನಿಮಿಷ ಇದ್ದಾಗ ಎಂಟು ಗಂಟೆಯದ್ದನ್ನೂ ಒಟ್ಟಿಗೆ ತುಂಬ್ತಾರೆ. ಒಂದೇ ಪೆನ್ನು, ಒಂದೇ ಓರೆ, 12.02, 12.02, 12.03. ಇದರಲ್ಲಿ ಸುಳ್ಳಿನ ಜೊತೆ ನಷ್ಟವೂ ಇದೆ. ಮೂರನೇ ಗಂಟೆಗೆ ಟೂಲ್ ಸವೆದಿದ್ದರೆ ಉಳಿದ ಐದು ಗಂಟೆಯ ಮಾಲು ಪೂರಾ ರಿಜೆಕ್ಟ್. ಅದನ್ನು ಆರಿಸಿ ಬೇರೆ ಮಾಡೋ ಕೆಲಸ ಮುಂದಿನ ಶಿಫ್ಟ್‌ನವನ ತಲೆಗೆ ಬರುತ್ತೆ. ಅವನೇ ನಿಮ್ಮ ನೆರೆಯವನು.

ಆರೂಕಾಲಿಗೆ ಏನು ಅಂತ ಕೇಳಿದ್ರಲ್ಲ: ಗೇಜ್ (ಅಳೆಯೋ ಸಾಧನ) ಒರೆಸಿ, ಜೀರೋ ನೋಡಿ, ಮೊದಲ ಪೀಸ್ ಅಳೆದು, ಬಂದ ಅಂಕಿ ಆಗಲೇ ಬರೆಯೋದು. ಮೊದಲ ವಾರಕ್ಕೆ ಇಷ್ಟೇ ಸಾಕು.

ಸ್ತೋತ್ರ (ಬಂಗಾರಪೇಟೆ)
ಬ್ರದರ್, ಇದು ಒಳ್ಳೆ ನೌಕರನ ಪಾಠ ಆಯ್ತು. ಕ್ರೈಸ್ತನ ಪಾಠ ಎಲ್ಲಿ? ಗುಣಮಟ್ಟದ ಐಎಸ್‌ಒ ಟ್ರೈನಿಂಗ್‌ನಲ್ಲೂ ಇದನ್ನೇ ಹೇಳ್ತಾರೆ. ಉತ್ಸಾಹ ಪವಿತ್ರಾತ್ಮನ ಕೆಲಸ. ಉಪವಾಸ ಪ್ರಾರ್ಥನೆ ಇಲ್ಲದೆ ಬೆಂಕಿ ಬೀಳಲ್ಲ.

ಕ್ಯೂಸಿ ಟೇಬಲ್ (ಮಾಲೂರು)
ಆಡಿಟರ್ ವರ್ಷಕ್ಕೆ ಒಂದೋ ಎರಡೋ ಸಲ ಬರ್ತಾರೆ. ಉಳಿದ ದಿನ ಯಾರಿಗೆ ಅಂತ ಅಳೀತೀಯ ಅನ್ನೋದೇ ಕ್ರೈಸ್ತನ ಪಾಠ.

ಊದುಗೊಳವೆ (ಶ್ರೀನಿವಾಸಪುರ)
ಸ್ತೋತ್ರ ಬ್ರದರ್, ಬಲಿಪೀಠದ ಮೇಲೆ ಬೆಂಕಿ ಬಿದ್ದದ್ದು ಯಾಜಕಕಾಂಡ 9:24ರಲ್ಲಿ. ಅದಕ್ಕೆ ಮುಂಚೆಯೇ 6ನೇ ಅಧ್ಯಾಯದಲ್ಲಿ, 10ರಿಂದ 13ರ ತನಕ, ಆ ಬೆಂಕಿ ಉಳಿಸೋದು ಹೇಗೆ ಅಂತ ಬರೆದಿಟ್ಟಾಗಿತ್ತು. ಕಳಿಸೋದು ದೇವರ ಕೆಲಸ, ಆರದಂತೆ ನೋಡೋದು ಯಾಜಕನ ಕೆಲಸ. ಅವನು ಮೊದಲು ಮಾಡೋದು ಏನು ಗೊತ್ತಾ? ಬೂದಿ ತೆಗೆಯೋದು. ನಾರಿನ ಬಟ್ಟೆ ಹಾಕ್ಕೊಂಡು ಬೂದಿ ಬಳಿದು ಪಕ್ಕಕ್ಕೆ ಇಡಬೇಕು. ಆಮೇಲೆ ಬಟ್ಟೆ ಬದಲಾಯಿಸಿ ಅದನ್ನ ಪಾಳೆಯದ ಹೊರಗೆ ಸಾಗಿಸಬೇಕು. ಬೆಳಬೆಳಿಗ್ಗೆ ಹೊಸ ಸೌದೆ ಇಡಬೇಕು. ದಿನಾ.

ಸೌದೆ ಒಲೆ ಹಚ್ಚಿದವರಿಗೆ ಇದು ಬಿಡಿಸಿ ಹೇಳೋದು ಬೇಡ. ನಿನ್ನೆಯ ಬೂದಿ ತುಂಬಿಕೊಂಡಿದ್ರೆ ಎಷ್ಟು ಸೌದೆ ತುರುಕಿದ್ರೂ ಹೊಗೆಯೇ ಬರೋದು. ಕೆಳಗಿಂದ ಗಾಳಿ ಆಡಬೇಕು. ನಮ್ಮ ಕೂಟಗಳಲ್ಲಿ ಆಗ್ತಿರೋದು ಇದೇ. ಹುರುಪು ಕಮ್ಮಿ ಆಯ್ತಾ, ಇನ್ನೊಂದು ಕನ್ವೆನ್ಷನ್, ಇನ್ನೊಂದು ಉಪವಾಸ ಕೂಟ. ಸೌದೆ ಮೇಲೆ ಸೌದೆ. ಬೂದಿ ಯಾರೂ ಮುಟ್ಟಲ್ಲ.

ಬೂದಿ ಅಂದ್ರೆ ಸೂಪರ್‌ವೈಸರ್ ಅಂದ ಮಾತು, ತೀರಿಸದ ಐನೂರು ರೂಪಾಯಿ ಕೈಸಾಲ, ಕೇಳದೆ ಉಳಿದ ಕ್ಷಮೆ, ಅರ್ಧಕ್ಕೆ ಬಿಟ್ಟ ಕೆಲಸ. ರಾತ್ರಿ ಮಲಗೋ ಮುಂಚೆ ಹತ್ತು ನಿಮಿಷ, ಒಂದು ಚೀಟಿ, ಮೂರೇ ಸಾಲು. ಅವನ್ನ ಹೆಸರು ಹಿಡಿದು ಪ್ರಾರ್ಥನೆಯಲ್ಲಿ ಇಡಿ. ಬೆಳಿಗ್ಗೆ ಮೊಬೈಲ್‌ನಲ್ಲಿ ಸ್ಟೇಟಸ್ ನೋಡೋ ಮೊದಲು ಮೂರರಲ್ಲಿ ಒಂದನ್ನ ಮುಗಿಸಿ: ಹಣ ಕಳಿಸೋದೋ, ಫೋನ್ ಮಾಡೋದೋ. ಮೂರಕ್ಕಿಂತ ಹೆಚ್ಚು ಸಾಲು ಬರೆಯೋಕೆ ಬಿಡಬೇಡಿ, ದೂರಿನ ಪಟ್ಟಿ ಆಗಿಬಿಡುತ್ತೆ. ಹತ್ತು ಸಾಲಿನ ಚೀಟಿ ನೋಡಿದವನು ಮಾರನೇ ದಿನ ಚೀಟಿಯನ್ನೇ ಬಿಡ್ತಾನೆ.

ಪೌಲ ತನ್ನ ಶಿಷ್ಯ ತಿಮೊಥೆಗೆ ಬರೆದದ್ದೂ ಊದಿ ಉರಿಸು ಅಂತಲೇ (2 ತಿಮೊಥೆ 1:6). ಹೊಸ ಬೆಂಕಿ ತಾ ಅನ್ನಲಿಲ್ಲ.

ಸ್ತೋತ್ರ (ಬಂಗಾರಪೇಟೆ)
ಬೂದಿ ಮಾತು ಒಪ್ಪಿದೆ ಅಣ್ಣ. ಆದ್ರೂ ಊದೋಕೆ ಉಸಿರು ಬೇಕಲ್ಲ. ನಾನು ಹೇಳಿದ್ದು ಆ ಉಸಿರಿನ ಮಾತು.

ಪದ ಬಿಡಿಸುವವರು (ತುಮಕೂರು)
ಪದದ ಕಡೆಯಿಂದ ಒಂದು ಮಾತು ಸೇರಿಸುತ್ತೇನೆ, ಪಾಠಕ್ಕೆ ಉಪಯೋಗ ಆಗಬಹುದು.

ಇಂಗ್ಲಿಷಿನ ಎಂಥೂಸಿಯಾಸಂ ಗ್ರೀಕ್ ಮೂಲದ್ದು. ದೇವರು ಒಳಗೆ ಬಂದಿರುವವನು ಅನ್ನುವ ಅರ್ಥದಿಂದ ಹುಟ್ಟಿದ್ದು. ಪ್ರಸಂಗಗಳಲ್ಲಿ ಇದನ್ನು ಬಹಳ ಹೇಳುತ್ತಾರೆ. ನಮ್ಮ "ಉತ್ಸಾಹ" ಬೇರೆ ದಾರಿಯದು. ಉತ್ ಮತ್ತು ಸಹ್. ಸಹಿಸು, ಸಹನೆ ಬಂದದ್ದು ಅದೇ ಧಾತುವಿನಿಂದ. ಅಂದರೆ ಕುಣಿದಾಟ ಅಲ್ಲ, ಭಾರ ಹೊತ್ತು ಮೇಲೇಳುವ ಶಕ್ತಿ. ಕಾವ್ಯಮೀಮಾಂಸೆಯಲ್ಲಿ ವೀರರಸಕ್ಕೆ ಉತ್ಸಾಹವೇ ಸ್ಥಾಯಿಭಾವ, ಅಂದರೆ ನೆಲೆನಿಲ್ಲುವ ಭಾವ. ಬಂದು ಹೋಗುವ ಸಂಚಾರಿಗಳ ಸಾಲಿನಲ್ಲಿ ಅದನ್ನು ಇಟ್ಟಿಲ್ಲ. ರೋಮಾಪುರದವರಿಗೆ 12:11ರಲ್ಲಿ ಪೌಲ ಬಳಸುವ ಕ್ರಿಯಾಪದಕ್ಕೆ ಕುದಿಯುವುದು ಅಂತ ಅರ್ಥ. ಅದರ ಮುಂದಿನ ವಚನದಲ್ಲೇ ಕಷ್ಟದಲ್ಲಿ ಸಹನೆ ಇರಲಿ, ಪ್ರಾರ್ಥನೆ ಬಿಡಬೇಡಿ ಅಂತಾನೆ. 11ರಲ್ಲಿ ಕುದಿ, 12ರಲ್ಲಿ ಸಹನೆ. ಎರಡನ್ನೂ ಒಟ್ಟಿಗೆ ಓದಿಸಿ.

ಬೆಂಕಿ ಅಂದಾಗ ನಮ್ಮ ಜಿಲ್ಲೆಯ ಗುಬ್ಬಿ ನೆನಪಾಗುತ್ತದೆ. ವಿಲಿಯಂ ಆರ್ಥರ್ ಅನ್ನುವ ಐರಿಷ್ ವೆಸ್ಲಿಯನ್ ಮಿಷನರಿ 1839ರಲ್ಲಿ ಅಲ್ಲಿಗೆ ಬಂದು ಕನ್ನಡ ಕಲಿತರು. 1841ರಲ್ಲಿ ಆರೋಗ್ಯ ಕೆಟ್ಟು ಊರಿಗೆ ಹಿಂದಿರುಗಬೇಕಾಯಿತು. 1856ರಲ್ಲಿ ಪಂಚಾಶತ್ತಮದ (ಪವಿತ್ರಾತ್ಮ ಇಳಿದು ಬಂದ ದಿನದ) ಬೆಂಕಿಯ ನಾಲಗೆಗಳ ಬಗ್ಗೆ ಅವರು ಬರೆದ ಪುಸ್ತಕವೇ ಅವರ ಹೆಸರನ್ನು ಉಳಿಸಿದ್ದು. ಬೆಂಕಿಯ ಬಗ್ಗೆ ಅಷ್ಟು ಬರೆದವರ ದೇಹ ಇಲ್ಲಿ ಎರಡು ವರ್ಷಕ್ಕೇ ಸೋತಿತ್ತು ಅನ್ನುವುದನ್ನು ಯೌವನಸ್ಥರಿಗೆ ಹೇಳಬೇಕು.

ಹಾಲಿನ ಕ್ಯಾನ್ (ಚಿಂತಾಮಣಿ)
ಹಸು ಕಟ್ಟಿದವರಿಗೆ ಏನು ಹೇಳ್ತೀರಿ ಅಂತ ಕಾಯ್ತಿದ್ದೆ, ಯಾರೂ ಹೇಳಲಿಲ್ಲ. ನಾನೇ ಬರೀತೀನಿ.

ಡೈರಿಯಲ್ಲಿ ನೀರು ಬೆರೆಸಬಾರದು ಅನ್ನೋದು ಎಲ್ಲರಿಗೂ ಗೊತ್ತು, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಗಟ್ಟಿ ಅಂಶ) ಬಿದ್ದರೆ ಅಲ್ಲೇ ಹಿಡೀತಾರೆ. ಮನಸಾರೆ ಮಾಡೋ ಕೆಲಸ ಗೊತ್ತಾಗೋದು ಯಾರೂ ಹಿಡಿಯದ ಕಡೆ. ಕೆಚ್ಚಲು ಉಗುರುಬೆಚ್ಚಗಿನ ನೀರಲ್ಲಿ ತೊಳೆದು ಒಣ ಬಟ್ಟೆಯಲ್ಲಿ ಒರೆಸಬೇಕು. ಒದ್ದೆ ಬಿಟ್ಟು ಕರೆದ್ರೆ ಕೊಳೆ ನೀರು ತೊಟ್ಟಿಗಿಳಿದು ಹಾಲಿಗೇ ಸೇರುತ್ತೆ. ಒಂದೊಂದು ತೊಟ್ಟಿನಿಂದ ಮೊದಲ ಎರಡು ಮೂರು ಧಾರೆ ಬೇರೆ ಕಪ್ಪು ಬಟ್ಟಲಿಗೆ. ಗೆರೆಗೆರೆ, ಹೆಪ್ಪು, ರಕ್ತ ಕಂಡ್ರೆ ಕೆಚ್ಚಲು ಬಾವು ಶುರುವಾಗಿದೆ ಅಂತ. ಸೊರ ಬಿಟ್ಟ ಮೇಲೆ ಐದರಿಂದ ಏಳು ನಿಮಿಷದಲ್ಲಿ ಕರೆದು ಮುಗಿಸಬೇಕು, ಆಮೇಲೆ ಹಸು ಹಾಲು ಇಳಿಸಲ್ಲ. ನಡುವೆ ಫೋನ್ ಎತ್ತಿದ್ರೆ ಒಳಗೆ ಹಾಲು ಉಳಿಯುತ್ತೆ, ಉಳಿದದ್ದೇ ಕೆಚ್ಚಲು ಬಾವಿಗೆ ದಾರಿ. ಕರೆದ ಮೇಲೆ ತೊಟ್ಟು ಅಯೋಡಿನ್ ದ್ರಾವಣದಲ್ಲಿ ಅದ್ದಿ, ಮೇವು ಹಾಕಿ. ಅರ್ಧ ಗಂಟೆ ನಿಂತುಕೊಂಡೇ ಇರಲಿ, ತೊಟ್ಟಿನ ಬಾಯಿ ಮುಚ್ಚೋಕೆ ಅಷ್ಟು ಹೊತ್ತು ಬೇಕು.

ಇಂಜೆಕ್ಷನ್ ಕೊಡಿಸಿದ ಹಸುವಿನ ಹಾಲು ಡಾಕ್ಟರ್ ಹೇಳಿದಷ್ಟು ದಿನ ಡೈರಿಗೆ ಹಾಕಬೇಡಿ. ಆ್ಯಂಟಿಬಯೋಟಿಕ್ ಇರೋ ಹಾಲು ಸರಿಯಾಗಿ ಹೆಪ್ಪುಗಟ್ಟಲ್ಲ, ಹೆಪ್ಪಿನ ಜೀವಾಣು ಸಾಯುತ್ತೆ. ಹತ್ತು ಲೀಟರ್ ಚೆಲ್ಲೋದು ಕಷ್ಟ, ನಿಜ. ಸೊಸೈಟಿ ಕ್ಯಾನ್‌ಗೆ ಸೇರಿದ ಮೇಲೆ ಯಾರ ಹಾಲು ಅಂತ ಯಾರಿಗೂ ಗೊತ್ತಾಗಲ್ಲ ಅನ್ನೋದೂ ನಿಜ. ಕರ್ತನಿಗೆ ಅಂತ ಮಾಡೋದು ಅಂದ್ರೆ ಅದೇ ಹತ್ತು ಲೀಟರ್.

ಕ್ರೇಟ್ 15 (ಕೋಲಾರ)
ಹಾಲಿನ ಕ್ಯಾನ್ ಅಕ್ಕ ಹೇಳಿದ ಹಾಗೇ ಟೊಮೇಟೊ. 15 ಕೆಜಿ ಕ್ರೇಟ್, ಮೇಲೆ ಎರಡು ಸಾಲು ಹೊಳೆಯೋ ಹಣ್ಣು, ಕೆಳಗೆ ಸಣ್ಣವು, ಒಡೆದವು. ಧರ್ಮೋಪದೇಶಕಾಂಡ 25:13ರಲ್ಲಿ ಚೀಲದಲ್ಲಿ ಎರಡು ತರದ ತೂಕದ ಕಲ್ಲು ಇರಬಾರದು ಅಂತಿದೆ. ಒಂದೇ ಕ್ರೇಟ್‌ನಲ್ಲಿ ಎರಡು ಗ್ರೇಡ್ ಇಡೋದೂ ಅದೇ ಪಾಪ.

ಮಂಡಿ ಲೆಕ್ಕ (ಮುಳಬಾಗಿಲು)
ಹೇಳೋಕೆ ಚೆಂದ. ರೇಟ್ ಬಿದ್ದ ದಿನ ಸಣ್ಣ ಕಾಯಿ ಬೇರೆ ಮಾಡಿದ್ರೆ ಅದನ್ನ ಯಾರು ಕೊಳ್ತಾರೆ? ಕೂಲಿ, ಬಾಡಿಗೆ, ಕಮಿಷನ್ ಕೈಯಿಂದ ಹೋಗುತ್ತೆ. ಬೈಬಲ್ ವಚನ ಸಾಲ ತೀರಿಸಲ್ಲ.

ಕ್ರೇಟ್ 15 (ಕೋಲಾರ)
ಬಿದ್ದ ದಿನದ ಕಷ್ಟ ಸುಳ್ಳಲ್ಲ ಅಣ್ಣ. ಆದ್ರೆ ಹರಾಜಲ್ಲಿ ಒಂದೆರಡು ಕ್ರೇಟ್ ಸುರಿದು ನೋಡಿದ್ರೆ ಇಡೀ ಲಾಟ್ ಕೆಳಗಿನ ಗ್ರೇಡ್‌ಗೆ ಇಳಿಯುತ್ತೆ, ಆಗ ಒಳ್ಳೆ ಹಣ್ಣಿನ ಬೆಲೆಯೂ ಹೋಯ್ತು. ಲಾಭ ಹೆಚ್ಚಿಸಬೇಕಂದ್ರೆ ಕೆಲಸ ತೋಟದಲ್ಲಿದೆ. ಇಬ್ಬನಿ ಆರಿದ ಮೇಲೆ ಕೀಳಿಸಿ, ಒದ್ದೆ ಹಣ್ಣು ಕ್ರೇಟ್‌ನಲ್ಲಿ ಬೆವೆತು ಕೊಳೆಯುತ್ತೆ. ದೂರದ ಲೋಡ್‌ಗೆ ಬಣ್ಣ ತಿರುಗುವ ಹಂತದಲ್ಲೇ ಕೀಳಬೇಕು, ಪೂರ್ತಿ ಕೆಂಪಾದ್ದು ಹತ್ತಿರದ ಮಾರ್ಕೆಟ್‌ಗೆ. ಕ್ರೇಟ್ ಅಂಚಿಗಿಂತ ಮೇಲೆ ತುಂಬಬೇಡಿ, ಮೇಲೆ ಇನ್ನೊಂದು ಕೂತಾಗ ಒತ್ತಿ ಒಡೆಯುತ್ತೆ. ಔಷಧಿ ಹೊಡೆದ ಮೇಲೆ ಲೇಬಲ್‌ನಲ್ಲಿ ಬರೆದ ಕಾಯುವ ದಿನ ಮುಗಿಯದೆ ಕೀಳಬೇಡಿ. ರೇಟ್ ಏರಿದ ದಿನ ಈ ನಾಲ್ಕನೇದನ್ನ ಮುರಿಯೋರು ಜಾಸ್ತಿ. ಹುರುಪು ಪರೀಕ್ಷೆಗೆ ಬೀಳೋದು ನಷ್ಟದ ದಿನ ಮಾತ್ರ ಅಲ್ಲ.

ಮಂಡಿ ಲೆಕ್ಕ (ಮುಳಬಾಗಿಲು)
ಲಾಟ್ ಇಳಿಯೋ ಮಾತು ಸರಿ. ಉಳಿದದ್ದು ಯೋಚಿಸ್ತೀನಿ.

ನೈಟ್ ಡ್ಯೂಟಿ (ಚಿಕ್ಕಬಳ್ಳಾಪುರ)
ಗುಬ್ಬಿಯ ಮಾತು ಓದಿ ಇದನ್ನು ಬರೆಯಲೇಬೇಕು ಅನ್ನಿಸಿತು. 1 ಅರಸುಗಳು 19 ನೋಡಿ. ಕರ್ಮೆಲ್ ಬೆಟ್ಟದಲ್ಲಿ ಬೆಂಕಿ ಬಿದ್ದ ಮೇಲೆ ಪ್ರವಾದಿ ಎಲೀಯ ಅಡವಿಗೆ ಓಡಿಹೋಗಿ ಸಾಯಬೇಕು ಅಂತಾನೆ. ದೇವರು ಅವನಿಗೆ ಪ್ರಸಂಗ ಮಾಡಲಿಲ್ಲ. ಮಲಗಿಸಿದರು, ರೊಟ್ಟಿ ನೀರು ಕೊಟ್ಟರು, ಮತ್ತೆ ಮಲಗಿಸಿದರು, ಮತ್ತೆ ರೊಟ್ಟಿ ಕೊಟ್ಟರು. ದೇವರ ಸಣ್ಣ ದನಿ ಕೇಳಿಸಿದ್ದು ಅದಾದ ಮೇಲೆ.

ಸಿ ಶಿಫ್ಟ್‌ನವರಲ್ಲಿ ಹುರುಪು ಇಲ್ಲ ಅಂತ ಬೈಯುವ ಮೊದಲು ಎಷ್ಟು ಗಂಟೆ ಮಲಗಿದ್ದಾರೆ ಕೇಳಿ. ಏಳು ಗಂಟೆ ಬೇಕು, ಹಗಲಲ್ಲಿ ಮಲಗಿದರೂ ಏಳೇ. ಕೊನೆಯ ಟೀ ರಾತ್ರಿ ಎರಡಕ್ಕೆ ಮುಗಿಯಲಿ, ಐದಕ್ಕೆ ಕುಡಿದರೆ ಮನೆಗೆ ಹೋಗಿ ಹೊರಳಾಡಬೇಕು. ಕಿಟಕಿಗೆ ದಪ್ಪ ಕಪ್ಪು ಬಟ್ಟೆ. ಬಿಸಿಲಿಗೆ ಕಣ್ಣು ಕೊಡದೆ ನೇರ ಹಾಸಿಗೆಗೆ. ಮನೆಯವರು ಆ ಹೊತ್ತಿಗೆ ಬಾಗಿಲು ತಟ್ಟಬಾರದು, ಕುಕ್ಕರ್ ಕೂಗಿಸಬಾರದು. ಇದು ಮನೆಯವರ ಸೇವೆ.

ಸಭೆಯವರಿಗೂ ಒಂದು ಮಾತು. ಸಿ ಶಿಫ್ಟ್ ವಾರದಲ್ಲಿರುವ ಹುಡುಗರನ್ನು ಇಡೀ ರಾತ್ರಿ ಪ್ರಾರ್ಥನೆಗೆ ಕರೆಯಬೇಡಿ. ನಿದ್ದೆಗೆಟ್ಟವರು ಬೆಳಗಿನ ಜಾವ ಹೈವೇಯಲ್ಲಿ ಬೈಕ್ ಓಡಿಸಿಕೊಂಡು ಹೋಗುವಾಗ ಏನಾಗುತ್ತದೆ ಅನ್ನುವುದು ಕ್ಯಾಷುವಾಲಿಟಿಯಲ್ಲಿ ಕೆಲಸ ಮಾಡುವ ಎಲ್ಲರಿಗೂ ಗೊತ್ತು. ಸಕ್ಕರೆ ಕಾಯಿಲೆಗೆ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳದೆ ಉಪವಾಸ ಮಾಡಬಾರದು.

ನಿಮ್ಮ ನರ್ಸ್ ಸಿಸ್ಟರ್‌ಗೆ: ಸೋಪಿನಲ್ಲಿ ಕೈ ತೊಳೆಯಲು 40ರಿಂದ 60 ಸೆಕೆಂಡ್, ಹ್ಯಾಂಡ್ ರಬ್‌ಗೆ 20ರಿಂದ 30. ಹೆಬ್ಬೆರಳು, ಉಗುರಿನ ಸಂದು ಬಿಟ್ಟುಹೋಗುತ್ತವೆ. ರಾತ್ರಿ ಮೂರು ಗಂಟೆಗೆ, ಒಂದು ಹಾಸಿಗೆಯಿಂದ ಪಕ್ಕದ ಹಾಸಿಗೆಗೆ ಹೋಗುವಾಗ, ಆ ಸೆಕೆಂಡುಗಳನ್ನು ಯಾರೂ ಎಣಿಸುವುದಿಲ್ಲ. ಕೋಲಾರದ ಮೆಥೊಡಿಸ್ಟ್ ಆಸ್ಪತ್ರೆಯಾಗಲಿ ನಮ್ಮೂರಿನ ಸಿಎಸ್‌ಐ (ದಕ್ಷಿಣ ಇಂಡಿಯಾ ಸಭೆ) ಆಸ್ಪತ್ರೆಯಾಗಲಿ, ಈ ಕಡೆ ಮಿಷನ್ ಆಸ್ಪತ್ರೆಗಳಿಗೆ ಹೆಸರು ಬಂದದ್ದು ಇಂಥ ಎಣಿಸದ ಕೆಲಸದಿಂದ.

ಸ್ತೋತ್ರ (ಬಂಗಾರಪೇಟೆ)
ಸಿಸ್ಟರ್, ಬೈಕ್ ಮಾತು ನಿಜಕ್ಕೂ ಯೋಚಿಸಿರಲಿಲ್ಲ. ನಮ್ಮ ಕಡೆ ರಾತ್ರಿ ಪ್ರಾರ್ಥನೆ ಮುಗಿಸಿ ನಾಲ್ಕಕ್ಕೆ ಹುಡುಗರನ್ನ ಬಿಡ್ತಾರೆ. ಸಭೆಯ ಅಯ್ಯನವರಿಗೆ (ಪಾಸ್ಟರ್‌ಗೆ) ಹೇಳ್ತೀನಿ, ಬೆಳಕು ಹರಿಯೋ ತನಕ ಅಲ್ಲೇ ಮಲಗಿಸಬಹುದು.

ಹಾಲಿನ ಕ್ಯಾನ್ (ಚಿಂತಾಮಣಿ)
ಮೈಕೂ ಇದೆ ಬ್ರದರ್. ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ ಹೊರಗೆ ಧ್ವನಿವರ್ಧಕ ಹಾಕೋ ಹಾಗಿಲ್ಲ, 2000ದ ನಿಯಮ. ನಾಲ್ಕೂವರೆಗೆ ಎದ್ದು ಹಾಲು ಕರೆಯೋ ಅಕ್ಕಪಕ್ಕದವರ ನಿದ್ದೆ ಕೆಡಿಸಿ ಮಾಡೋ ಸ್ತುತಿ ಯಾರಿಗೆ ಸಾಕ್ಷಿ?

ಹಾಜರಿ ಪುಸ್ತಕ (ವಸಂತನರಸಾಪುರ)
ಎಲ್ಲರೂ ದಾಸರಿಗೆ ಹೇಳಿದ್ದನ್ನೇ ಹೇಳ್ತಾ ಇದ್ದೀರಿ. ಅದೇ ಕೊಲೊಸ್ಸೆಯವರ ಪತ್ರಿಕೆಯಲ್ಲಿ 4:1 ಯಾಕೆ ಯಾರೂ ಓದಲ್ಲ? ಯಜಮಾನರೇ, ನ್ಯಾಯವಾದದ್ದು ಕೊಡಿ, ನಿಮಗೂ ಮೇಲೆ ಯಜಮಾನ ಇದ್ದಾನೆ ಅಂತ. ಯಾಕೋಬ 5:4ರಲ್ಲಿ ಹಿಡಿದಿಟ್ಟ ಕೂಲಿಯೇ ಕೂಗುತ್ತೆ. ಗುತ್ತಿಗೆ ಕೆಲಸದ ಹುಡುಗಿಗೆ ಓಟಿ (ಹೆಚ್ಚುವರಿ ಗಂಟೆಯ) ದುಡ್ಡು ಕೊಡದೆ ಮನಸಾರೆ ದುಡಿ ಅಂದ್ರೆ ಅದು ಸುವಾರ್ತೆ ಅಲ್ಲ.

ಪಾಠದಲ್ಲಿ ಇದನ್ನೂ ಸೇರಿಸಿ: ವಾರಕ್ಕೆ 48 ಗಂಟೆ, ಅದರ ಮೇಲೆ ದುಡಿದದ್ದಕ್ಕೆ ಮಾಮೂಲಿ ದರದ ಎರಡರಷ್ಟು. ಒಂದು ಸಣ್ಣ ನೋಟ್‌ಬುಕ್ ಇಟ್ಟುಕೊಂಡು ತಾರೀಕು, ಒಳಗೆ ಹೋದ ಹೊತ್ತು, ಹೊರಗೆ ಬಂದ ಹೊತ್ತು, ಓಟಿ ಗಂಟೆ ಅಂದಂದೇ ಬರೆಯಿರಿ. ಸಂಬಳದ ಚೀಟಿ ಎಸೀಬೇಡಿ. ಇಎಸ್‌ಐಗೆ (ಕಾರ್ಮಿಕರ ವಿಮೆ) ಸಂಬಳದಲ್ಲಿ ಕಾರ್ಮಿಕನಿಂದ ಶೇ 0.75, ಮಾಲೀಕರಿಂದ ಶೇ 3.25. ಪಿಎಫ್ ಕಟ್ ಆಗಿದೆ ಅಂತ ಚೀಟಿಯಲ್ಲಿ ಇದ್ರೆ ಸಾಲದು, ಯುಎಎನ್ (ನಿಮ್ಮ ಪಿಎಫ್ ನಂಬರ್) ಹಾಕಿ ಪಾಸ್‌ಬುಕ್‌ನಲ್ಲಿ ಜಮಾ ಆಗಿದೆಯಾ ನೋಡಿ. ತಿಂಗಳು ತಪ್ಪಿದ್ರೆ ಆಗಲೇ ಕೇಳಬೇಕು, ಗುತ್ತಿಗೆದಾರ ಬದಲಾದ ಮೇಲೆ ಹಿಡಿಯೋದು ಕಷ್ಟ.

ಕ್ಯೂಸಿ ಟೇಬಲ್ (ಮಾಲೂರು)
ಪೂರ್ತಿ ಒಪ್ಪುತ್ತೇನೆ. ಒಂದು ಮಾತ್ರ: ಓಟಿ ಕೊಡಲಿಲ್ಲ ಅಂತ ಗೇಜ್ ಸುಳ್ಳು ಬರೆಯೋದು ಹೋರಾಟ ಅಲ್ಲ. ಆ ಸುಳ್ಳು ಹೋಗಿ ತಾಗೋದು ಬ್ರೇಕ್ ಪಾರ್ಟ್ ಇರೋ ಗಾಡಿ ಓಡಿಸುವವನಿಗೆ.

ಹಾಜರಿ ಪುಸ್ತಕ (ವಸಂತನರಸಾಪುರ)
ಅದು ಸರಿ. ಕೆಲಸ ಸರಿಯಾಗಿ ಮಾಡಿದವನ ನೋಟ್‌ಬುಕ್‌ಗೆ ಬೆಲೆಯೂ ಜಾಸ್ತಿ. ಡ್ಯೂಟಿ ಹೊತ್ತಲ್ಲಿ ಕರಪತ್ರ ಹಂಚೋದು, ಮೆಷಿನ್ ಮುಂದೆ ಇಯರ್‌ಫೋನ್‌ನಲ್ಲಿ ಹಾಡು ಕೇಳೋದು, ಇವೂ ಬೇಡ. ಫೋರ್ಕ್‌ಲಿಫ್ಟ್ ಹಾರ್ನ್ ಕೇಳಿಸಲ್ಲ. ರೋಮಾ 10:2, ತಿಳಿವಳಿಕೆ ಇಲ್ಲದ ಆಸಕ್ತಿ.

ಮಾರ್ಥಳ ಅಡುಗೆಮನೆ (ಕೆಜಿಎಫ್)
ಕಾರ್ಖಾನೆ ಆಯ್ತು, ಸಭೆಯೊಳಗಿನ ಸುಸ್ತು ಯಾರು ಹೇಳ್ತಾರೆ? ಎಲ್ಲ ಸಭೆಯಲ್ಲೂ ಅದೇ ನಾಲ್ಕು ಜನ. ಅವರೇ ಚೇರ್ ಹಾಕಬೇಕು, ಅವರೇ ಸಂಡೇ ಸ್ಕೂಲ್, ಅವರೇ ಕ್ವೈರ್, ಅವರೇ ಟೀ. ಎರಡು ವರ್ಷಕ್ಕೆ ಬೇಸತ್ತು ಬೇರೆ ಸಭೆಗೆ ಹೋಗ್ತಾರೆ, ಆಗ "ಮೊದಲ ಪ್ರೀತಿ ಬಿಟ್ಟರು" ಅಂತೀವಿ. ವಿಮೋಚನಕಾಂಡ 18ರಲ್ಲಿ ಮೋಶೆಯ ಮಾವ ಬಂದು ನೋಡಿ, ಹೀಗಾದ್ರೆ ನೀನೂ ಬಳಲುತ್ತೀ, ಜನವೂ ಬಳಲುತ್ತೆ ಅಂದ. ಸಾವಿರ, ನೂರು, ಐವತ್ತು, ಹತ್ತು ಅಂತ ಹಂಚಿಸಿದ.

ಹಂಚೋದರಲ್ಲೂ ಕೆಡೋದು ಎರಡು ಕಡೆ. ಎಲ್ಲಿಯ ತನಕ ಅಂತ ಹೇಳಲ್ಲ, ಪಕ್ಕದಲ್ಲಿ ಇನ್ನೊಬ್ಬರನ್ನ ಇಡಲ್ಲ. ಆದ್ದರಿಂದ ಒಬ್ಬರಿಗೆ ಒಂದೇ ಕೆಲಸ, ಮೂರು ತಿಂಗಳು, ಜೊತೆಗೆ ಕಲಿಯೋ ಒಬ್ಬರು. ಮೂರು ತಿಂಗಳಾದ ಮೇಲೆ ಕಲಿತವರು ಮುಂದಕ್ಕೆ, ಮೊದಲಿನವರಿಗೆ ಬಿಡುವು. ನಾಲ್ಕರಲ್ಲಿ ಒಂದು ಭಾನುವಾರ ಏನೂ ಕೆಲಸ ಇಲ್ಲದೆ ಸುಮ್ಮನೆ ಕೂತು ಆರಾಧನೆ ಮಾಡಲಿ. ಕೆಲಸ ಕೊಡುವಾಗ ಬೀಗದಕೈ, ಲೆಕ್ಕದ ಪುಸ್ತಕ, ಫೋನ್ ನಂಬರ್ ಎಲ್ಲಾ ಒಟ್ಟಿಗೆ ಕೊಡಿ. ಬೀಗದಕೈ ಹಳಬರ ಹತ್ತಿರವೇ ಉಳಿದ್ರೆ ಕೆಲಸವೂ ಅಲ್ಲೇ ಉಳಿಯುತ್ತೆ.

ಮಂಡಿ ಲೆಕ್ಕ (ಮುಳಬಾಗಿಲು)
ಬೀಗದಕೈ! ನೂರಕ್ಕೆ ನೂರು.

ಹಾಲಿನ ಕ್ಯಾನ್ (ಚಿಂತಾಮಣಿ)
ಲೆಕ್ಕದ ಪುಸ್ತಕ ಅಂದ್ರಲ್ಲ, ಸಭೆಯ ಸುಗ್ಗಿ ಹಬ್ಬದ ಹರಾಜಿಗೂ ಅದೇ ಮಾಡಿ. ಕುಂಬಳಕಾಯಿ, ಕೋಳಿ, ರಾಗಿ ಮೂಟೆ ಕೂಗಿದವರ ಹೆಸರು, ಮೊತ್ತ, ಕೊಟ್ಟರೋ ಬಾಕಿಯೋ ಅಂತ ಇಬ್ಬರು ಬೇರೆಬೇರೆ ಬರೆದು ಸಂಜೆಯೇ ತಾಳೆ ನೋಡಬೇಕು. ಹುರುಪಲ್ಲಿ ಕೂಗಿ ಕ್ರಿಸ್ಮಸ್ ತನಕ ಕೊಡದವರು ಇರ್ತಾರೆ. ಆಮೇಲೆ ಕೇಳಿದ್ರೆ ಮನಸ್ತಾಪ.

ಊದುಗೊಳವೆ (ಶ್ರೀನಿವಾಸಪುರ)
ಬೂದಿ!

ಅಂತರಗಂಗೆ ದಾರಿ (ಕೋಲಾರ)
ಎಲ್ಲರಿಗೂ ತುಂಬ ಥ್ಯಾಂಕ್ಸ್. ಹೀಗೆ ಇಟ್ಟುಕೊಳ್ಳುತ್ತೇನೆ. ಮೊದಲ ವಾರ ಬೂದಿ, ಮೂರು ಸಾಲಿನ ಚೀಟಿ, ಕೂತಲ್ಲೇ ಬರೆಸುವುದು. ಎರಡನೇ ವಾರ ಕಣ್ಣ ಚಾಕರಿ: ಚೆಕ್ ಶೀಟ್, ಹಾಲು, ಕ್ರೇಟ್, ಕೈ ತೊಳೆಯುವುದು, ಅವರವರ ಕೆಲಸದ ಒಂದೊಂದು ಕಾಣದ ಜಾಗ ಅವರೇ ಹೇಳಬೇಕು. ಮೂರನೇ ವಾರ ಎಲೀಯ ಮತ್ತು ನಿದ್ದೆ. ನಾಲ್ಕನೇ ವಾರ 4:1, ನೋಟ್‌ಬುಕ್, ಪಿಎಫ್. ಶುರುವಿನಲ್ಲಿ ಪ್ರಾರ್ಥನೆಗೆ ಹದಿನೈದು ನಿಮಿಷ ಸ್ತೋತ್ರ ಬ್ರದರ್ ಹೇಳಿದ ಉಸಿರಿಗೆ. ಶನಿವಾರ ರಾತ್ರಿ 8ಕ್ಕೆ ಇಡಬಹುದೇ?

ನೈಟ್ ಡ್ಯೂಟಿ (ಚಿಕ್ಕಬಳ್ಳಾಪುರ)
8ಕ್ಕೆ ಬೇಡ. ಸಿ ಶಿಫ್ಟ್‌ನವರು ಊಟ ಮಾಡಿ ಕಂಪನಿ ಬಸ್ ಹಿಡಿಯುವ ಹೊತ್ತು, ಬಿ ಶಿಫ್ಟ್‌ನವರು ಒಳಗಿರುತ್ತಾರೆ. ಭಾನುವಾರ ಆರಾಧನೆ ಮುಗಿದ ಕೂಡಲೇ 45 ನಿಮಿಷ ಇಡಿ. ಊಟಕ್ಕೆ ಮುಂಚೆ ಬಿಡಿ.

ಮಾರ್ಥಳ ಅಡುಗೆಮನೆ (ಕೆಜಿಎಫ್)
ಚೇರ್ ಹಾಕೋಕೆ ಆ ನಾಲ್ಕು ಜನರನ್ನ ಕರೀಬೇಡಿ.